ತಮ್ಮನಿಗೆ ಯಕ್ಷಗಾನ ಮೇಳದಿಂದ ಕರೆ ಬಂದಿದೆ, ಕಂಪನಿ ಕೆಲಸವೂ ಆಗಿದೆ. ಯಾವುದಕ್ಕೆ ಹೋಗಬೇಕು?

ಬಾರ್ಕೂರು ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನ್ನ ತಮ್ಮ ಈ ಸಲ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ. ಕ್ಯಾಂಪಸ್‌ನಲ್ಲೇ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಆಯ್ಕೆಯಾಗಿದ್ದಾನೆ. ವರ್ಷಕ್ಕೆ 3.6 ಲಕ್ಷ ಅಂತ ಆಫರ್ ಲೆಟರ್ ಬಂದಿದೆ. ಆದರೆ ಅವನು ಶಾಲೆಗೆ ಹೋಗುವಾಗಿನಿಂದ ಚಂಡೆ, ಮದ್ದಲೆ ಕಲಿತವ. ಕಾಲೇಜಿನ ರಜೆಯಲ್ಲೆಲ್ಲ ಬದಲಿ ಜನ ಬೇಕಾದಾಗ ಮೇಳಕ್ಕೆ ಹೋಗಿ ಬಾರಿಸಿ ಬರುತ್ತಿದ್ದ. ಈಗ ಒಂದು ಹರಕೆ ಮೇಳದ (ಹರಕೆ ಹೊತ್ತವರು ಯಕ್ಷಗಾನ ಆಡಿಸುವ ಮೇಳ) ಯಜಮಾನರು ಮನೆಗೇ ಬಂದು, ದೀಪಾವಳಿ ಕಳೆದ ಮೇಲೆ ಊರೂರು ಸುತ್ತುವ ತಿರುಗಾಟಕ್ಕೆ ಬಾ ಅಂತ ಕರೆದಿದ್ದಾರೆ. ಅವನ ಮನಸ್ಸು ಪೂರ್ತಿ ಅಲ್ಲೇ ಇದೆ.

ನಮ್ಮ ಮನೆಯ ಪರಿಸ್ಥಿತಿಯನ್ನೂ ಹೇಳಬೇಕು. ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರನ್ನೂ ಓದಿಸಿದವರು. ಅಪ್ಪ ಮುಂಬೈಯ ಹೋಟೆಲಿನಲ್ಲಿದ್ದರು, ಸಕ್ಕರೆ ಕಾಯಿಲೆ ಜೋರಾಗಿ ಊರಿಗೆ ಬಂದಿದ್ದಾರೆ. ಮನೆ, ಬಾವಿ, ನಾಲ್ಕು ತೆಂಗಿನ ಮರ ಬಿಟ್ಟರೆ ಗದ್ದೆ ತೋಟ ಏನೂ ಇಲ್ಲ. ತಮ್ಮನ ಹೆಸರಲ್ಲಿ 3 ಲಕ್ಷ ಶಿಕ್ಷಣ ಸಾಲ ಇದೆ. ನಾನು ಇಲ್ಲೇ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಸಂಬಳ ಹೇಳಿಕೊಳ್ಳುವಂಥದ್ದಲ್ಲ.

ಅವನು ಚಂಡೆ ಬಾರಿಸುವುದನ್ನು ನಾನೂ ಕೂತು ಕೇಳಿದ್ದೇನೆ. ಅವನಿಗೆ ಕೈ ಇದೆ, ಅದು ನನಗೂ ಗೊತ್ತು. ಅದಕ್ಕೇ ಬೇಡ ಅನ್ನಲು ಬಾಯಿ ಬರುತ್ತಿಲ್ಲ. ಹೋಗು ಅನ್ನಲೂ ಧೈರ್ಯ ಇಲ್ಲ. ಮೇಳದಲ್ಲಿದ್ದವರು, ಕೆಲಸದಲ್ಲಿದ್ದುಕೊಂಡೇ ಯಕ್ಷಗಾನ ಮಾಡುವವರು, ಯಾರಾದರೂ ಸರಿ, ಒಂದು ಮಾತು ಹೇಳಿ.

ಹವ್ಯಾಸಿ ವೇಷಧಾರಿ, ಬೆಂಗಳೂರು

ಅಕ್ಕಾ, ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಂಪನಿಗೆ ಸೇರಲಿ.

ನಾನು ಸಾಫ್ಟ್‌ವೇರಿನಲ್ಲೇ ಇದ್ದೇನೆ, ಹವ್ಯಾಸಿ ತಂಡದಲ್ಲಿ ವೇಷ ಮಾಡುತ್ತೇನೆ. ಬೆಂಗಳೂರಿನಲ್ಲಿ ಯಕ್ಷಗಾನಕ್ಕೆ ಈಗ ಏನೂ ಕೊರತೆ ಇಲ್ಲ. ವಾರದ ಕೊನೆಯಲ್ಲಿ ಎಲ್ಲಾದರೂ ಒಂದು ಕಡೆ ಕಾಲಮಿತಿಯ ಆಟ, ಅಂದರೆ ರಾತ್ರಿಯಿಡೀ ಅಲ್ಲದ ಪ್ರದರ್ಶನ, ಇದ್ದೇ ಇರುತ್ತದೆ. ಮಳೆಗಾಲ ಬಂತೆಂದರೆ ಊರಿನ ಕಲಾವಿದರೆಲ್ಲ ಇಲ್ಲಿಗೇ ಬರುತ್ತಾರೆ. ರವೀಂದ್ರ ಕಲಾಕ್ಷೇತ್ರದಲ್ಲಿ ಟಿಕೆಟ್ ಇಟ್ಟರೂ ಜನ ಬಂದು ಕೂರುತ್ತಾರೆ. ಚಂಡೆಯವರಿಗೆ ಅಂತೂ ಬೇಡಿಕೆ ಎಷ್ಟಿದೆ ಎಂದರೆ, ನಮ್ಮ ತಂಡ ಪ್ರತೀ ಆಟಕ್ಕೂ ಊರಿಂದ ಹಿಮ್ಮೇಳದವರನ್ನು ರಾತ್ರಿ ಬಸ್ಸಿಗೆ ಕರೆಸಬೇಕು. ನಿಮ್ಮ ತಮ್ಮ ಇಲ್ಲಿದ್ದರೆ ಕೈ ಬಿಟ್ಟುಹೋಗುವ ಪ್ರಶ್ನೆಯೇ ಇಲ್ಲ.

ಕೆಲಸ ಮತ್ತು ಕಲೆ ಎರಡನ್ನೂ ಘನವಾಗಿ ನಡೆಸಿದವರು ನಮ್ಮಲ್ಲೇ ಇದ್ದಾರೆ. ಪ್ರಭಾಕರ ಜೋಷಿಯವರು ಮಂಗಳೂರಿನಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿದ್ದುಕೊಂಡೇ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ತಾಳಮದ್ದಲೆಯಲ್ಲಿ ಮೊದಲ ಸಾಲಿನ ಅರ್ಥಧಾರಿಯಾದರು. ಮೊದಲು ಮನೆ ನಿಲ್ಲಲಿ. ಅಮ್ಮ ಬೀಡಿ ಕಟ್ಟುವುದು ನಿಲ್ಲಲಿ. ಆಮೇಲೆ ನೋಡಿಕೊಳ್ಳಬಹುದು.

ಚೌಕಿಮನೆ

ಮೇಲಿನ ಅಣ್ಣನವರ ಕಾಳಜಿ ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ಒಪ್ಪಿಗೆ ಇಲ್ಲ. ನಾನು ಮೇಳದ ಮದ್ದಲೆಯವ. ವಯಸ್ಸು ನಲವತ್ತು ದಾಟಿದೆ, ತಿರುಗಾಟದಲ್ಲೇ ಇದ್ದೇನೆ.

ತಾಳಮದ್ದಲೆಯ ಅರ್ಥ ಓದಿನಿಂದ, ಮಾತಿನಿಂದ ಬೆಳೆಯುತ್ತದೆ. ಕಾಲೇಜು ಮೇಷ್ಟ್ರಿಗೆ ಅದು ಹೊಂದುತ್ತದೆ. ಹಿಮ್ಮೇಳ ಹಾಗಲ್ಲ. ವಾರಕ್ಕೊಂದು ಕಾಲಮಿತಿ ಆಟಕ್ಕೆ ಏನು ಮಾಡುತ್ತಾರೆ? ಪ್ರಸಂಗ, ಅಂದರೆ ಆಡುವ ಕಥೆ, ಮೊದಲೇ ಗೊತ್ತಿರುತ್ತದೆ, ಟ್ರಯಲ್ ಆಗಿರುತ್ತದೆ, ಯಾವ ಪದ್ಯಕ್ಕೆ ಯಾರು ಎಷ್ಟು ಕುಣಿಯುತ್ತಾರೆ ಎಂಬುದೂ ಗೊತ್ತು. ಮೇಳದಲ್ಲಿ ಹರಕೆಯವರು ಇವತ್ತು ಯಾವ ಪ್ರಸಂಗ ಕೇಳಿದ್ದಾರೆ ಎಂಬುದು ಚೌಕಿಗೆ (ವೇಷ ಕಟ್ಟುವ ಜಾಗ) ಬಂದ ಮೇಲೆ ತಿಳಿಯುವುದೂ ಉಂಟು. ಹಾಡುವ ಭಾಗವತರು ಪದ್ಯ ಎತ್ತಿದ ಕೂಡಲೇ ಅದು ಝಂಪೆ ತಾಳವೋ ಏಕತಾಳವೋ ಎಂದು ಕೈಗೆ ಗೊತ್ತಾಗಬೇಕು. ತಲೆಗೆ ಗೊತ್ತಾಗಿ ಕೈಗೆ ಬರುವಷ್ಟು ಹೊತ್ತು ಇರುವುದಿಲ್ಲ. ವೇಷಧಾರಿ ಬಿಡ್ತಿಗೆಯ ಕುಣಿತ ಮುಗಿಸಿ ಮುಕ್ತಾಯಕ್ಕೆ ಬರುವಾಗ ಹೆಗಲು ಹೇಗೆ ತಿರುಗಿಸುತ್ತಾನೆ ಎಂಬುದರಲ್ಲೇ ನಮಗೆ ಸೂಚನೆ. ಅದನ್ನು ಯಾವ ತರಗತಿಯಲ್ಲೂ ಹೇಳಿಕೊಡಲು ಬರುವುದಿಲ್ಲ. ಇಂದು ಈ ಊರು, ನಾಳೆ ಆ ಊರು, ಹೀಗೆ ಒಂದರ ಮೇಲೊಂದು ರಾತ್ರಿ ಕೂತವನಿಗೆ ತಾನಾಗಿ ಬರುತ್ತದೆ.

ಮಾಗಿ ಚಳಿಯಲ್ಲಿ ನಡುರಾತ್ರಿ ಕಳೆದ ಮೇಲೆ ಇಬ್ಬನಿ ಬಿದ್ದು ಚಂಡೆಯ ಚರ್ಮ ಸಡಿಲವಾಗುತ್ತದೆ. ಶ್ರುತಿ ಕೂಡುವುದಿಲ್ಲ. ಹಗ್ಗ ಎಳೆದು, ಮತ್ತೆ ಬಾರಿಸಿ ನೋಡಿ, ಮತ್ತೆ ಎಳೆದು, ಅಷ್ಟರಲ್ಲಿ ಭಾಗವತರು ಮುಂದಿನ ಪದ್ಯಕ್ಕೆ ಬಂದಿರುತ್ತಾರೆ. ಬೆರಳಿನ ತುದಿ ಒಡೆದು ಟೇಪ್ ಸುತ್ತಿಕೊಂಡೇ ಮದ್ದಲೆ ಬಾರಿಸಬೇಕು. ಇದೆಲ್ಲ ಕಷ್ಟದ ಪಟ್ಟಿ ಎಂದು ಹೇಳುತ್ತಿಲ್ಲ. ಇದರೊಳಗೆ ಇದ್ದವನಿಗೇ ಆ ಕೈ ಬರುವುದು ಎಂದು ಹೇಳುತ್ತಿದ್ದೇನೆ. ಇಪ್ಪತ್ತೆರಡರಲ್ಲಿ ಬಂದರೆ ಬೆರಳು ಬಗ್ಗುತ್ತದೆ. ಮನೆ ಕಟ್ಟಿ, ಸಾಲ ತೀರಿಸಿ ಮೂವತ್ತೈದರಲ್ಲಿ ಬರುತ್ತೇನೆ ಎಂದರೆ ಯಾವ ಯಜಮಾನರೂ ಕರೆಯುವುದಿಲ್ಲ.

ಹಾಗಂತ ಕಣ್ಣು ಮುಚ್ಚಿ ಬನ್ನಿ ಎಂದೂ ಹೇಳಲಾರೆ. ಸಂಬಳದ ವಿಷಯ ಯಾರಾದರೂ ಕೇಳಿದರೆ ಹೇಳುತ್ತೇನೆ.

ಬ್ಯಾಂಕಿನವ

ಕೇಳುತ್ತಿದ್ದೇನೆ, ಹೇಳಿ. ಭಾವನೆಯ ಮಾತು ಎರಡೂ ಕಡೆಯಿಂದ ಬಂತು. ಹೊಸಬನಿಗೆ ಮೇಳದಲ್ಲಿ ಎಷ್ಟು ಕೊಡುತ್ತಾರೆ?

ಚೌಕಿಮನೆ

ಮೇಳದಿಂದ ಮೇಳಕ್ಕೆ ಬೇರೆ ಬೇರೆ. ನಾನಿರುವಲ್ಲಿ ಹೊಸ ಹಿಮ್ಮೇಳದವನಿಗೆ ರಾತ್ರಿಗೆ 800 ರೂಪಾಯಿಯ ಆಸುಪಾಸು. ಹೆಸರು ಬಂದ ಮೇಲೆ ಅದು ಎರಡು ಪಟ್ಟು, ಮೂರು ಪಟ್ಟು ಆಗುತ್ತದೆ, ದೊಡ್ಡ ಹೆಸರಿನವರದು ಬೇರೆಯೇ ಲೆಕ್ಕ. ದೀಪಾವಳಿಯಿಂದ ಪತ್ತನಾಜೆವರೆಗೆ (ಮೇ ಕೊನೆಯ ಹೊತ್ತಿಗೆ ತಿರುಗಾಟ ಮುಗಿಯುವ ದಿನ) ಸುಮಾರು 180 ರಾತ್ರಿ. ಊಟ ಆಟ ಆಡಿಸುವವರ ಮನೆಯದು. ಮಳೆಗಾಲದಲ್ಲಿ ಮೇಳದ ಸಂಬಳ ಇಲ್ಲ. ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳ, ತಾಳಮದ್ದಲೆ, ಶಾಲೆ ಮಕ್ಕಳಿಗೆ ಕಲಿಸುವುದು, ಬೆಂಗಳೂರು ಮುಂಬೈಯ ಪ್ರದರ್ಶನ, ಹೀಗೆ ಹೊಂದಿಸಿಕೊಳ್ಳಬೇಕು.

ಮುಂಗಡದ ಬಗ್ಗೆ ಎಚ್ಚರ ಇರಲಿ. ಮಳೆಗಾಲದ ಖರ್ಚಿಗೆಂದು ಯಜಮಾನರಿಂದ ಮುಂಗಡ ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ತೆಗೆದುಕೊಂಡವನು ಮುಂದಿನ ವರ್ಷವೂ ಅಲ್ಲೇ ಕಟ್ಟುಬಿದ್ದ ಹಾಗೆ. ಹುಡುಗರು ಸಿಕ್ಕಿಹಾಕಿಕೊಳ್ಳುವುದು ಅಲ್ಲಿ.

ಬ್ಯಾಂಕಿನವ

ಸರಿ, ಲೆಕ್ಕ ಹಾಕೋಣ.

180 ರಾತ್ರಿಗೆ 800ರಂತೆ 1,44,000. ಊಟ, ಬಾಡಿಗೆ ಖರ್ಚು ಇಲ್ಲದ ಕಾರಣ ಬೈಕಿನ ಪೆಟ್ರೋಲು, ಕೈಖರ್ಚು ಕಳೆದು ಒಂದು ಲಕ್ಷಕ್ಕೆ ಮೇಲೆ ಮನೆಗೆ ಬರಬಹುದು.

3.6 ಲಕ್ಷ ಎಂದರೆ ತಿಂಗಳಿಗೆ 30,000 ಕೈಗೆ ಸಿಗುತ್ತದೆ ಎಂದು ತಿಳಿಯಬೇಡಿ. ಅದರಲ್ಲಿ ಕಂಪನಿಯ ಪಾಲಿನ ಪಿಎಫ್, ವರ್ಷದ ಕೊನೆಗೆ ಕೊಟ್ಟರೆ ಕೊಟ್ಟರು ಎನ್ನುವ ವೇರಿಯಬಲ್ ಪೇ, ಎಲ್ಲ ಸೇರಿರುತ್ತದೆ. ಕೈಗೆ 25,000 ಸಿಕ್ಕರೆ ದೊಡ್ಡದು. ಬೆಂಗಳೂರಿನಲ್ಲಿ ಪಿಜಿ, ಬಸ್ಸು, ಮಧ್ಯಾಹ್ನದ ಊಟ, ಊರಿಗೆ ಓಡಾಟ ಕಳೆದರೆ ತಿಂಗಳಿಗೆ 8ರಿಂದ 10 ಸಾವಿರ ಉಳಿಸುವವನು ಜಾಣ. ವರ್ಷಕ್ಕೆ ಅದೂ ಒಂದು ಲಕ್ಷದ ಆಚೆ ಈಚೆಯೇ.

ಅಂದರೆ ಮೊದಲ ವರ್ಷ ಮನೆಗೆ ತಲುಪುವ ಹಣದಲ್ಲಿ ಜನ ಅಂದುಕೊಂಡಷ್ಟು ಅಂತರ ಇಲ್ಲ. ನಿಜವಾದ ಅಂತರ ಇರುವುದು ಮುಂದೆ. ಕಂಪನಿಯಲ್ಲಿ ನಾಲ್ಕೈದು ವರ್ಷ ನಿಂತು ಕೆಲಸ ಕಲಿತವನ ಸಂಬಳ ಎರಡು ಮೂರು ಪಟ್ಟಾಗುವುದು ಅಪರೂಪವಲ್ಲ. ತಿಂಗಳ ಸಂಬಳದ ಜತೆ ಪಿಎಫ್, ಐದು ವರ್ಷ ಪೂರೈಸಿದರೆ ಗ್ರಾಚ್ಯುಟಿ, ಮನೆಯವರಿಗೂ ಆಸ್ಪತ್ರೆಯ ವಿಮೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಈ ಕೊನೆಯದನ್ನು ಕಡೆಗಣಿಸಬೇಡಿ. ಹೆತ್ತವರನ್ನೂ ಸೇರಿಸುವ ಗುಂಪು ವಿಮೆ ಇದೆಯೇ ಎಂದು ಆ ಕಂಪನಿಯವರನ್ನು ಕೇಳಿ.

ಸಾಲದ ವಿಷಯ. ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ. ಬಡ್ಡಿ ಮಾತ್ರ ಏರುತ್ತಿರುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಆ ಅವಧಿಯ ಬಡ್ಡಿಗೆ ಕೇಂದ್ರ ಸರ್ಕಾರದ ಸಹಾಯಧನ ಇದೆ. ನಿಮ್ಮ ಸಾಲಕ್ಕೆ ಅದು ಬಂದಿದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. 3 ಲಕ್ಷವನ್ನು ಶೇ. 10ರ ಬಡ್ಡಿಗೆ ಏಳು ವರ್ಷದಲ್ಲಿ ತೀರಿಸುವುದಾದರೆ ಕಂತು ತಿಂಗಳಿಗೆ ಸುಮಾರು 5,000. ಮೇಳದವನಿಗೆ ಈ ಕಂತು ಕಟ್ಟಲಾಗದ್ದೇನಲ್ಲ, ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಂತನ್ನು ಏಪ್ರಿಲ್ ತಿಂಗಳಲ್ಲೇ ತೆಗೆದಿಡುವ ಶಿಸ್ತು ಬೇಕು.

ಮೇಳದವರ ಮನೆಯಾಕೆ

ಲೆಕ್ಕ ಹಾಕಿದ್ದು ಒಳ್ಳೆಯದಾಯಿತು. ಇನ್ನು ನಾನು ಹೇಳುವುದನ್ನೂ ಕೇಳಿ.

ನನ್ನ ಗಂಡ ವೇಷಧಾರಿ. ಅವರು ಬೆಳಿಗ್ಗೆ ಏಳಕ್ಕೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ, ಮತ್ತೆ ಸಂಜೆ ಹೊರಡುವುದು. ಆರು ತಿಂಗಳು ಮನೆಯಲ್ಲಿದ್ದೂ ಇಲ್ಲದ ಹಾಗೆ. ಮಕ್ಕಳ ಶಾಲೆಯ ವಾರ್ಷಿಕೋತ್ಸವ, ನೆಂಟರ ಮದುವೆ, ಹಬ್ಬ ಯಾವುದಕ್ಕೂ ಅವರಿಲ್ಲ. ಅದಕ್ಕೆ ಹೊಂದಿಕೊಂಡಿದ್ದೇನೆ. ಅವರು ರಂಗಸ್ಥಳಕ್ಕೆ ಬಂದಾಗ ಜನ ಎದ್ದು ಕೂರುವುದನ್ನು ನೋಡಿದರೆ ನನಗೂ ಹೆಮ್ಮೆಯೇ.

ಆದರೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಅಂದರು, ಮೇಳ ಅರ್ಧಕ್ಕೇ ಗೆಜ್ಜೆ ಬಿಚ್ಚಿತು. ಮರುವರ್ಷವೂ ತಿರುಗಾಟದ ಕೊನೆಗೆ ಹಾಗೇ ಆಯಿತು. ಕಂಪನಿಯವರು ಮನೆಯಲ್ಲೇ ಕೂತು ಕೆಲಸ ಮಾಡಿದರು, ಸಂಬಳ ಬಂತು. ನಮ್ಮವರು ಪರಿಚಯದವರ ತೋಟಕ್ಕೆ ಸೊಪ್ಪು ಹೊರಲು ಹೋದರು. ಕಿರೀಟ ಹೊತ್ತ ತಲೆ ಎಂದು ಯಾರೂ ಹೆಚ್ಚು ಕೂಲಿ ಕೊಡುವುದಿಲ್ಲ. ಆ ಹೊತ್ತಿಗೆ ಕೆಲವು ಸಂಘಸಂಸ್ಥೆಯವರು ದಿನಸಿ ತಂದುಕೊಟ್ಟರು, ಅವರ ಋಣ ಮರೆಯುವುದಿಲ್ಲ. ಉಡುಪಿಯ ಯಕ್ಷಗಾನ ಕಲಾರಂಗದವರು ಕಲಾವಿದರಿಗೆ ಯಕ್ಷನಿಧಿ ಅಂತ, ಓದುವ ಮಕ್ಕಳಿಗೆ ವಿದ್ಯಾಪೋಷಕ್ ಅಂತ ಮಾಡುವ ಕೆಲಸ ದೊಡ್ಡದು. ಆದರೂ ಕೇಳುತ್ತೇನೆ, ದುಡಿಯುವ ಮನುಷ್ಯನ ಭದ್ರತೆ ದಾನಿಗಳ ಮೇಲೆ ಯಾಕೆ ನಿಲ್ಲಬೇಕು? ಆಟದ ದಿನ ಹಾರ ಹಾಕಿ ಶಾಲು ಹೊದೆಸುತ್ತಾರೆ. ನಮ್ಮ ಕಪಾಟಿನ ತುಂಬ ಶಾಲು ಇದೆ. ಪಿಎಫ್ ಪಾಸ್‌ಬುಕ್ ಇಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮೇಳದಲ್ಲಿರುವ ಹುಡುಗನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಆಟ ನೋಡಿ ಚಪ್ಪಾಳೆ ತಟ್ಟಿದವರೇ ಸಂಬಂಧ ಅಂದಾಗ ಸುಮ್ಮನಾಗುತ್ತಾರೆ. ಇದನ್ನು ತಮ್ಮನಿಗೆ ಮೊದಲೇ ತಿಳಿಸಿ.

ಕುಂದಾಪ್ರದ ಗಂಡ್

ಹ್ವಾಯ್, ಮಾಣಿಗ್ ಕೈ ಇತ್ತ್ ಅಂದ್ರೆ ಬಿಡುಕಾಗ. ಈಗ ಚಂಡಿ ಬಾರ್ಸುಕೆ ಜನ ಎಲ್ ಸಿಕ್ತ್ ಹೇಳಿ? ಕಂಪ್ನಿಗೆ ಹೋಪುಕೆ ಸಾವ್ರ ಜನ ಇದ್ರ್. ಆಟಕ್ಕೆ ಹೋಪವ್ರೇ ಇಲ್ದಿರೆ ನಾಳಿಗೆ ನಾವ್ ಕಾಂಬುದ್ ಎಂತ?

ಹೊನ್ನಾವರ ಸೀಮೆ

ಕುಂದಾಪ್ರದ ತಮ್ಮಾ, ನೀನು ಹೇಳಿದ್ದು ನೋಡುವವರ ಕಷ್ಟ. ನಮಗೆ ನೋಡಲು ಆಟ ಬೇಕು ಎಂದು ಬೀಡಿ ಕಟ್ಟುವ ಮನೆಯ ಹುಡುಗನನ್ನು ಮೇಳಕ್ಕೆ ಹೋಗು ಎನ್ನುವ ಅಧಿಕಾರ ನಮಗಿಲ್ಲ.

ನಮ್ಮ ಕಡೆ ಮಾತು ಬಂದಾಗಲೆಲ್ಲ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಉದಾಹರಣೆ ಕೊಡುತ್ತಾರೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವರು, 2012ರಲ್ಲಿ ಪದ್ಮಶ್ರೀ ಬಂತು, ಎಂಬತ್ತು ದಾಟಿದ ಮೇಲೂ ಕುಣಿದರು. ನಿಜ. ಕೆರೆಮನೆಯವರ ಹೆಸರು ಹೇಳುತ್ತಾರೆ. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಇವತ್ತಿಗೂ ಮೊಮ್ಮಕ್ಕಳ ಕಾಲದಲ್ಲಿ ನಡೆಯುತ್ತಿದೆ. ಶಂಭು ಹೆಗಡೆಯವರು ದೆಹಲಿಗೆ ಹೋಗಿ ನೃತ್ಯಗುರು ಮಾಯಾ ರಾವ್ ಅವರಲ್ಲಿ ಕಲಿತು, ಮತ್ತೆ ಊರಿಗೇ ಬಂದು ಗುಣವಂತೆಯಲ್ಲಿ ಕಲಾಕೇಂದ್ರ ಕಟ್ಟಿದರು. ಅದೂ ನಿಜ. ಆದರೆ ಚಿಟ್ಟಾಣಿಯವರ ಜತೆಗೇ ಗೆಜ್ಜೆ ಕಟ್ಟಿ, ಮೊಣಕಾಲು ಸವೆದು, ಹೆಸರೇ ಉಳಿಯದೆ ಹೋದವರು ಎಷ್ಟು ಜನ? ಅವರನ್ನು ಯಾರೂ ಉದಾಹರಣೆಗೆ ತರುವುದಿಲ್ಲ. ಒಬ್ಬ ಹುಡುಗನಿಗೆ ದಾರಿ ಹೇಳುವಾಗ ಶಿಖರ ಮುಟ್ಟಿದವರನ್ನು ತೋರಿಸುವುದು ಸರಿಯಲ್ಲ. ಮೇಳದಲ್ಲಿ ಇಪ್ಪತ್ತು ವರ್ಷ ದುಡಿದ ಸಾಧಾರಣ ಕಲಾವಿದನ ಮನೆಗೆ ಕರೆದುಕೊಂಡು ಹೋಗಿ ತೋರಿಸಿ.

ಇನ್ನೊಂದು ಸತ್ಯ. ನಮ್ಮ ಉತ್ತರ ಕನ್ನಡದ ಎಷ್ಟೋ ಕಲಾವಿದರ ಹಿಂದೆ ಒಂದು ಎಕರೆಯಾದರೂ ಅಡಿಕೆ ತೋಟ ಇದೆ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿಸಿ, ಮದ್ದು ಹೊಡೆಸಿ ಮೇಳಕ್ಕೆ ಹೋಗುತ್ತಾರೆ. ಅವರು ಇಷ್ಟದ ಹಿಂದೆ ಹೋಗು ಎಂದು ಹೇಳುವಾಗ ಬೆನ್ನಿಗೆ ತೋಟ ಇದೆ. ಬಾರ್ಕೂರಿನ ತಂಗಿಯ ಮನೆಗೆ ಅದಿಲ್ಲ. ಹೇಳುವವರು ಮೊದಲು ತಮ್ಮ ಬೆನ್ನ ಹಿಂದೆ ಏನಿದೆ ಎಂದು ನೋಡಿಕೊಂಡು ಹೇಳಬೇಕು.

ಮದ್ದಲೆ ಕಲಿಯುವವಳು

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ, ಮದ್ದಲೆ ಕಲಿಯುತ್ತಿದ್ದೇನೆ. ಮೇಲಿನದೆಲ್ಲ ಓದಿದೆ. ನನಗನ್ನಿಸಿದ್ದು ಹೇಳುತ್ತೇನೆ. ಈ ಪ್ರಶ್ನೆ ನನಗೆ ಬರುವುದೇ ಇಲ್ಲ. ಯಾವ ಯಜಮಾನರೂ ನಮ್ಮ ಮನೆ ಬಾಗಿಲಿಗೆ ಬಂದು ತಿರುಗಾಟಕ್ಕೆ ಬಾ ಎಂದು ಕರೆಯುವುದಿಲ್ಲ. ಲೀಲಾವತಿ ಬೈಪಾಡಿತ್ತಾಯರು ತೆಂಕಿನ (ದಕ್ಷಿಣ ಕನ್ನಡ ಕಡೆಯ ಶೈಲಿಯ) ಮೇಳಗಳಲ್ಲಿ ಭಾಗವತರಾಗಿ ವರ್ಷಗಟ್ಟಲೆ ರಾತ್ರಿಯಿಡೀ ಹಾಡಿದವರು. ಪತಿ ಹರಿನಾರಾಯಣ ಬೈಪಾಡಿತ್ತಾಯರು ಹಿಮ್ಮೇಳದಲ್ಲಿ ಜತೆಗಿದ್ದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಮರುವರ್ಷ ತೀರಿಕೊಂಡರು. ಅವರ ನಂತರ ವೃತ್ತಿ ಮೇಳಕ್ಕೆ ಹೋದ ಹೆಂಗಸರು ಎಷ್ಟು ಮಂದಿ? ನಮಗೆ ಮಹಿಳಾ ತಂಡ, ಹವ್ಯಾಸಿ ತಂಡ ಇಷ್ಟೇ. ಚೌಕಿಯಲ್ಲಿ ಬಟ್ಟೆ ಬದಲಿಸಲು ಜಾಗ ಇಲ್ಲ, ಶೌಚಾಲಯ ಇಲ್ಲ, ರಾತ್ರಿ ಓಡಾಟ ಹೇಗೆ, ಇವೇ ಕಾರಣ ಹೇಳುತ್ತಾರೆ. ಇವೆಲ್ಲ ಸರಿಮಾಡಬಹುದಾದ ಸಂಗತಿ.

ಅಣ್ಣನಿಗೆ ಕರೆ ಬಂದಿದೆ ಎಂದರೆ ಅದರ ಬೆಲೆ ಅವರಿಗೆ ಗೊತ್ತಿರಲಿ ಎಂದು ಹೇಳಿದೆ ಅಷ್ಟೇ.

ಚೌಕಿಮನೆ

ತಂಗೀ, ನಿನ್ನ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಬೆಳಕು ಮತ್ತು ಧ್ವನಿವರ್ಧಕಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುವ ಕಡೆಗಳಲ್ಲೂ ಚೌಕಿಗೆ ಒಂದು ಶೌಚಾಲಯ ಕಟ್ಟುವುದಿಲ್ಲ. ಗಂಡಸರಿಗೂ ಅದು ಕಷ್ಟವೇ.

ಅಕ್ಕನವರಿಗೆ ನನ್ನ ಸಲಹೆ ಇದು. ಹೋಗಬೇಕೋ ಬೇಡವೋ ಎಂಬುದಕ್ಕಿಂತ ಮೊದಲು ಯಜಮಾನರ ಹತ್ತಿರ ಕೂತು ಮಾತಾಡಿ. ರಾತ್ರಿಗೆ ಎಷ್ಟು, ತಿಂಗಳಿಗೊಮ್ಮೆ ಕೊಡುತ್ತಾರೋ ಪತ್ತನಾಜೆಗೆ ಒಟ್ಟಿಗೆ ಲೆಕ್ಕವೋ, ಹುಷಾರಿಲ್ಲದೆ ತಪ್ಪಿದ ರಾತ್ರಿಗೆ ಕಡಿತ ಎಷ್ಟು, ಮಳೆ ಬಂದು ಆಟ ನಿಂತರೆ ಆ ದಿನದ್ದು ಯಾರ ತಲೆಗೆ. ಚಂಡೆಗೋ ಮದ್ದಲೆಗೋ ಎಂಬುದನ್ನೂ ಕೇಳಬೇಕು. ಹೊಸಬನನ್ನು ಪ್ರಸಂಗಕ್ಕೆ ಮೊದಲಿನ ಪೂರ್ವರಂಗಕ್ಕೆ ಮಾತ್ರ ಕೂರಿಸಿ, ಪ್ರಸಂಗದ ನಡುವಿಗೆ ಕೂರಿಸದೇ ಇದ್ದರೆ ಮೂರು ವರ್ಷ ಕಳೆದರೂ ಅವನು ಕಲಿಯುವುದು ಕಡಿಮೆ. ಹಿರಿಯ ಭಾಗವತರ ಜತೆ ಪ್ರಸಂಗಕ್ಕೆ ಕೂರಿಸುತ್ತೀರಾ ಎಂದು ಕೇಳಿ. ನನ್ನ ಪ್ರಕಾರ ಸಂಬಳಕ್ಕಿಂತ ಮುಖ್ಯವಾದ ಪ್ರಶ್ನೆ ಅದು.

ಒಳ್ಳೆಯ ಯಜಮಾನರು ಕೇಳಿದರೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ಆ ಮೇಳಕ್ಕೆ ಹೋಗುವುದೇ ಬೇಡ.

ಬ್ಯಾಂಕಿನವ

ಭದ್ರತೆಯ ವಿಷಯಕ್ಕೆ ನಾನು ಇನ್ನಷ್ಟು ಸೇರಿಸುತ್ತೇನೆ, ಏಕೆಂದರೆ ಮೇಳದವರು ಇದನ್ನು ಕೇಳಿ ಬರುವುದೇ ಇಲ್ಲ. ಕಲಾವಿದರಿಗೆ ದೊಡ್ಡ ಅಪಾಯ ರಂಗಸ್ಥಳದಲ್ಲಿಲ್ಲ, ರಸ್ತೆಯಲ್ಲಿದೆ. ರಾತ್ರಿಯಿಡೀ ನಿದ್ದೆಗೆಟ್ಟು ಬೆಳಗಿನ ಜಾವ ಬೈಕಿನಲ್ಲಿ ಮನೆಗೆ ಬರುತ್ತಾರೆ. ಗುಂಡ್ಮಿ ಕಾಳಿಂಗ ನಾವಡರಂಥ ಭಾಗವತರನ್ನು 1990ರಲ್ಲಿ ಕಳೆದುಕೊಂಡದ್ದೂ ರಸ್ತೆ ಅಪಘಾತದಲ್ಲೇ. ಆಗ ಅವರಿಗೆ ಮೂವತ್ತೆರಡರ ಆಸುಪಾಸು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ಜೀವನ ಜ್ಯೋತಿ ವರ್ಷಕ್ಕೆ 436 ರೂಪಾಯಿ, ಯಾವ ಕಾರಣಕ್ಕೆ ತೀರಿಕೊಂಡರೂ ಮನೆಯವರಿಗೆ 2 ಲಕ್ಷ. ಅಟಲ್ ಪಿಂಚಣಿಗೆ 22ನೇ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 292 ರೂಪಾಯಿ ಕಟ್ಟಿದರೆ ಸಾಕು, 60 ಆದ ಮೇಲೆ ತಿಂಗಳಿಗೆ 5,000 ಬರುತ್ತದೆ. ಆದಾಯ ತೆರಿಗೆ ಕಟ್ಟುವವರು ಅದಕ್ಕೆ ಸೇರುವಂತಿಲ್ಲ, ಮೇಳದ ಹೊಸಬನಿಗೆ ಆ ತೊಂದರೆ ಇಲ್ಲ. ಅಸಂಘಟಿತ ಕೆಲಸಗಾರರ ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿ. ಇವೆಲ್ಲ ಸೇರಿದರೂ ಕಂಪನಿಯ ಪಿಎಫ್‌ಗೆ ಸಾಟಿಯಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಏನೂ ಇಲ್ಲದೆ ಹೋಗುವುದಕ್ಕೂ ಇಷ್ಟಾದರೂ ಇಟ್ಟುಕೊಂಡು ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ.

ಹವ್ಯಾಸಿ ವೇಷಧಾರಿ, ಬೆಂಗಳೂರು

ಚೌಕಿಮನೆಯವರು ಹಿಮ್ಮೇಳದ ಬಗ್ಗೆ ಹೇಳಿದ್ದನ್ನು ಯೋಚಿಸಿದೆ. ವಾರಾಂತ್ಯದ ಅಭ್ಯಾಸದಿಂದ ಆ ಕೈ ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ತಡಮಾಡಿದರೆ ಬಾಗಿಲು ಮುಚ್ಚುವ ಮಾತು ಬಂತಲ್ಲ, ಅದು ಈ ಕಡೆಗೂ ಇದೆ. ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ಪಾಸಾದ ವರ್ಷ ನೋಡಿ. ಎರಡು ವರ್ಷ ಖಾಲಿ ಬಿಟ್ಟವನನ್ನು ಸಂದರ್ಶನಕ್ಕೂ ಕರೆಯದ ಕಡೆಗಳು ಬಹಳ. ಇದು ಅಕ್ಕನವರಿಗೆ ಗೊತ್ತಿರಲಿ.

ಒಂದು ಕೇಳಬೇಕಿತ್ತು. ಆಫರ್ ಲೆಟರ್‌ನಲ್ಲಿ ಸೇರುವ ದಿನಾಂಕ ಇದೆಯಾ? ಈಗೀಗ ಪತ್ರ ಕೊಟ್ಟು ತಿಂಗಳುಗಟ್ಟಲೆ ಕಾಯಿಸುತ್ತಾರೆ. ಬಾಂಡ್ ಇದೆಯಾ ಅದನ್ನೂ ನೋಡಿ.

ಬಾರ್ಕೂರು ಅಕ್ಕ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ. ಅಮ್ಮನಿಗೂ ಎಲ್ಲ ಓದಿ ಹೇಳಿದೆ. ಮೇಳದವರ ಮನೆಯಾಕೆ ಬರೆದದ್ದನ್ನು ಎರಡು ಸಲ ಓದಿಸಿಕೊಂಡರು.

ದಿನಾಂಕ ಇಲ್ಲ. ಮುಂದೆ ಇಮೇಲ್ ಮೂಲಕ ತಿಳಿಸುತ್ತೇವೆ ಅಂತ ಇದೆ. ಬಾಂಡ್ ಇದೆ, ಎರಡು ವರ್ಷದ್ದು. ನಡುವೆ ಬಿಟ್ಟರೆ ಹಣ ಕಟ್ಟಬೇಕಂತೆ.

ತಮ್ಮ ಇಲ್ಲಿ ತಾನೇ ಬರೆಯುತ್ತೇನೆ ಅಂದಿದ್ದಾನೆ.

ಬಾರ್ಕೂರು ಅಕ್ಕನ ತಮ್ಮ

ನಮಸ್ಕಾರ. ನನ್ನ ಬಗ್ಗೆ ಇಷ್ಟು ಜನ ಯೋಚಿಸಿದ್ದೀರಿ, ಕೃತಜ್ಞ.

ನಾನು ಮೇಳ ಅಂದರೆ ಬರೀ ಸಂಭ್ರಮ ಎಂದು ತಿಳಿದಿಲ್ಲ. ಬದಲಿಗೆ ಹೋದಾಗ ಚೌಕಿಯ ನೆಲದ ಮೇಲೆ ಮಲಗಿದ್ದೇನೆ, ಬೆಳಿಗ್ಗೆ ಬಂದು ಕಾಲೇಜಿನ ಇಂಟರ್ನಲ್ಸ್ ಬರೆದಿದ್ದೇನೆ. ಕಂಪನಿಯ ಕೆಲಸದ ಮೇಲೆ ನನಗೆ ದ್ವೇಷವೂ ಇಲ್ಲ. ಮಾಡಿದರೆ ಮಾಡಿಯೇನು. ಆದರೆ ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಟೆಸ್ಟಿಂಗಿಗೆ ಹೋಗುವುದೂ ನನ್ನ ಓದಿನ ಮುಂದುವರಿಕೆ ಅಲ್ಲ. ಅಲ್ಲೂ ಹೊಸದಾಗಿಯೇ ಶುರುಮಾಡಬೇಕು. ಹೊಸದಾಗಿ ಶುರುಮಾಡುವುದಾದರೆ ನನ್ನ ಕೈಗೆ ಈಗಾಗಲೇ ಅರ್ಧ ಬಂದಿರುವುದನ್ನೇ ಯಾಕೆ ಮಾಡಬಾರದು ಎನ್ನುವುದು ನನ್ನ ಯೋಚನೆ.

ಚೌಕಿಮನೆಯವರು ಹೇಳಿದ ಹಾಗೆ ನಿನ್ನೆ ಯಜಮಾನರ ಹತ್ತಿರ ಹೋಗಿ ಕೇಳಿದೆ. ರಾತ್ರಿಗೆ 850, ತಿಂಗಳ ಮೊದಲ ವಾರದಲ್ಲಿ ಬ್ಯಾಂಕ್ ಖಾತೆಗೇ ಹಾಕುತ್ತೇವೆ ಅಂದರು. ಮುಂಗಡ ಬೇಡ ಅಂದೆ, ಆಶ್ಚರ್ಯಪಟ್ಟರು, ಆಯಿತು ಅಂದರು. ಪ್ರಸಂಗಕ್ಕೆ ಕೂರಿಸುವ ವಿಷಯಕ್ಕೆ ಖಾತ್ರಿ ಕೊಡಲಿಲ್ಲ. ಮೊದಲ ತಿಂಗಳು ಪೂರ್ವರಂಗ, ಆಮೇಲೆ ಭಾಗವತರು ಒಪ್ಪಿದರೆ ಪ್ರಸಂಗದ ಮೊದಲ ಭಾಗಕ್ಕೆ ಚಂಡೆ ಅಂದರು. ನ್ಯಾಯವಾಗಿಯೇ ಇದೆ ಅನ್ನಿಸಿತು. ಮಳೆಗಾಲಕ್ಕೆ ಎರಡು ಶಾಲೆಗಳಲ್ಲಿ ಮಕ್ಕಳಿಗೆ ಹಿಮ್ಮೇಳ ಕಲಿಸುವ ಮಾತೂ ಆಗಿದೆ.

ಅಮ್ಮ ಒಂದೇ ಷರತ್ತು ಹಾಕಿದ್ದಾರೆ. ಸಾಲದ ಕಂತಿಗೆ ಅವರ ಬೀಡಿಯ ಹಣ ಒಂದು ರೂಪಾಯಿಯೂ ಹೋಗಬಾರದು. ಹಾಗೆ ಹಣ ಹೋದ ದಿನ ನಾನು ಯಾವುದಾದರೂ ಕೆಲಸಕ್ಕೆ ಸೇರಬೇಕು. ನಾನು ಒಪ್ಪಿದ್ದೇನೆ. ದೀಪಾವಳಿಯ ಒಳಗೆ ಕಂಪನಿಯಿಂದ ದಿನಾಂಕ ಬಂದರೂ ಹೋಗುವುದಿಲ್ಲ ಎಂದು ಬರೆದು ತಿಳಿಸುತ್ತೇನೆ. ಅಕ್ಕನಿಗೆ ಇನ್ನೂ ಸಮಾಧಾನ ಇಲ್ಲ, ಅದು ನನಗೆ ಗೊತ್ತು.

ಮೇಳದವರ ಮನೆಯಾಕೆ

ಒಳ್ಳೆಯದಾಗಲಿ ಮಗಾ. ಕಂತಿನ ಹಣಕ್ಕೆ ಬೇರೆಯೇ ಖಾತೆ ಮಾಡು. ಎಲ್ಲ ಒಂದರಲ್ಲೇ ಇಟ್ಟರೆ ಆಷಾಢದಲ್ಲಿ ಅದು ಅಕ್ಕಿಗೆ ಹೋಗುತ್ತದೆ.

ಬ್ಯಾಂಕಿನವ

ಅವರು ಹೇಳಿದ್ದು ಸರಿ. ಬೇರೆ ಖಾತೆ ಮಾಡುವ ಬದಲು ಆವರ್ತಕ ಠೇವಣಿ (ಆರ್‌ಡಿ) ಮಾಡಿಸಿ, ಡಿಸೆಂಬರ್‌ನಿಂದ ಮೇ ತನಕ ತಿಂಗಳಿಗೆ 10,000. ಕಂತು ಶುರುವಾಗುವ ತಿಂಗಳು ಯಾವುದು ಎಂದು ಮಂಜೂರಾತಿ ಪತ್ರದಲ್ಲಿ ಬರೆದಿರುತ್ತದೆ, ಅದನ್ನು ಹುಡುಕಿ ಇಟ್ಟುಕೊಳ್ಳಿ. ಶಾಖೆಗೆ ಹೋಗುವಾಗ ಆ ಪತ್ರ, ಕೊನೆಯ ಸೆಮಿಸ್ಟರಿನ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮೂರನ್ನೂ ಒಯ್ಯಿರಿ. ಬಡ್ಡಿ ಸಹಾಯಧನ ಎಷ್ಟು ಜಮೆ ಆಗಿದೆ ಎಂದು ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಆಗಿಲ್ಲದಿದ್ದರೆ ಇಲ್ಲಿ ಬರೆಯಿರಿ, ಅರ್ಜಿ ಹೇಗೆ ಕೊಡುವುದು ಎಂದು ಹೇಳುತ್ತೇನೆ.